ಲಕುಮಾದೇವಿಯ ನೀಲಗಿರಿ

"ನೆಲ್ಲಿದುರ್ಗದ ದೊರೆ ಬೀರರಸರ ಅಪ್ಪಣೆ! ತೀರಿಕೊಂಡ ರಾಣಿ ಲಕುಮಾದೇವಿಯವರು ಮೂರು ಒಗಟು ಬಿಟ್ಟುಹೋಗಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ್ದು ಕೊಡಲಾಗುವುದು. ಒಂದು ತಪ್ಪಿದರೂ ತಲೆ ಹೋಗುವುದು. ರಾಣಿಯವರ ಮರಕ್ಕೆ ಕೈಯಿಟ್ಟವನಿಗೂ ಅದೇ ಶಿಕ್ಷೆ!" ಹೀಗೆ ಊರೂರಲ್ಲಿ ಡಂಗುರ ಹೊಡೆಸಿದರು.

ಯಾವ ಮರ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಬಾಯಿ ಹಾಕುತ್ತೀರಿ. ಆ ನಾಡಿನ ಮೂಡಲಿಗೆ ಮಲೆ, ಪಡುವಲಿಗೆ ಕಡಲು. ಮಲೆಯ ನೀಲಗಿರಿ ಮುಗಿಲೆತ್ತರ ಬೆಳೆಯುತ್ತಿತ್ತು, ಆದರೆ ಕಡಲ ಬದಿಯ ಉಪ್ಪುನೆಲಕ್ಕೆ ತಂದು ನೆಟ್ಟರೆ ಕರಟಿಹೋಗುತ್ತಿತ್ತು. ಉಪ್ಪು ತಾಳುವ ನೀಲಗಿರಿ ಇನ್ನೊಂದಿತ್ತು. ಅದು ಗಿಡ್ಡ, ಸೊಟ್ಟ, ಸೌದೆಗೂ ಸಾಲದ್ದು. ರಾಣಿ ತಾನೇ ಅಟ್ಟಣೆ ಹತ್ತಿ ಎರಡಕ್ಕೂ ಮದುವೆ ಮಾಡಿಸಿದಳು. ಹುಟ್ಟಿದ ನಲವತ್ತು ಸಸಿಗಳಲ್ಲಿ ಒಂದೇ ಒಂದು ಉಪ್ಪುನೆಲದಲ್ಲಿ ನೆಟ್ಟಗೆ ಬೆಳೆದು ನಿಂತಿತು. ರಾಣಿ ಹೋದ ಮೇಲೆ ದೊರೆ ದಿನವೂ ಅದರ ಬುಡದಲ್ಲಿ ಹೋಗಿ ಕೂರುತ್ತಿದ್ದ. ದುಃಖ ಯಾರಿಗಿಲ್ಲ ಹೇಳಿ? ಹಾಗಂತ ಕಂಡವರ ತಲೆ ಕೇಳುವುದು ಯಾವ ನ್ಯಾಯವೋ ನನಗಂತೂ ತಿಳಿಯದು.

ಉತ್ತರ ಗೊತ್ತಿದ್ದವಳು ಮಗಳು ಹೊನ್ನಲೆ ಒಬ್ಬಳೇ. ತಾಯಿ ಸಾಯುವ ಮುಂಚೆ ಅವಳ ಕಿವಿಯಲ್ಲಿ ಹೇಳಿಹೋಗಿದ್ದಳು. ಒಗಟು ಕೇಳುತ್ತಿದ್ದವಳೂ ಅವಳೇ.

ಮೊದಲು ಬಂದವನು ಆಸ್ಥಾನದ ಪಂಡಿತ. ಮೊದಲನೆಯದನ್ನು ಹೇಗೋ ಬಿಡಿಸಿದ. ಎರಡನೆಯದಕ್ಕೆ ಸೂರ್ಯ, ಚಂದ್ರ ಅಂತೆಲ್ಲ ಶ್ಲೋಕ ಕಟ್ಟಿ ಹೇಳಿ ಸೆರೆಮನೆ ಸೇರಿದ. ಆಮೇಲೆ ಬಂದ ಪಾಳೆಯಗಾರನ ಮಗ ತೋಟದವರನ್ನು ಹಿಡಿದು ಎರಡರ ಗುಟ್ಟು ತಿಳಿದುಕೊಂಡಿದ್ದ. ಮೂರನೆಯದರಲ್ಲಿ ಮುಗ್ಗರಿಸಿದ. ಇಬ್ಬರ ತಲೆಗೂ ಹುಣ್ಣಿಮೆಯ ದಿನ ಗೊತ್ತಾಯಿತು.

ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಬಿಲ್ಲಯ್ಯ ಬಂದ. ಮಲೆಯಲ್ಲಿ ನೀಲಗಿರಿ ಎಲೆ ಕಾಯಿಸಿ ಎಣ್ಣೆ ಇಳಿಸುವ ಕೂಲಿಯವನು. ಮೈಯೆಲ್ಲ ಎಣ್ಣೆಯ ಘಾಟು. ಸಭೆಯವರು ಮೂಗು ಮುಚ್ಚಿಕೊಂಡರು, ನೆಗಡಿಯಿದ್ದವರಿಗೆ ಮಾತ್ರ ಹಿತವಾಯಿತು. ಯಾಕೆ ಸಾಯಲು ಬಂದೆ ಎಂದು ದೊರೆ ಕೇಳಿದ. ತನ್ನೂರು ಕಡಲ ಬದಿಯ ಉಪ್ಪಳ್ಳಿ, ಅಲ್ಲಿ ಒಲೆಗೆ ಹಾಕಲು ಒಂದು ಕಡ್ಡಿಯಿಲ್ಲ, ಹೆಂಗಸರು ಸೌದೆಗೆ ಎರಡು ದಿನ ನಡೆಯಬೇಕು, ತನ್ನ ತಂಗಿ ಹೊರೆ ಹೊತ್ತೇ ದಾರಿಯಲ್ಲಿ ಬಿದ್ದು ಸತ್ತಳು ಎಂದು ಬಿಲ್ಲಯ್ಯ ಹೇಳಿದ. ಆ ಮರ ನಮ್ಮೂರಿಗೆ ಬೇಕು ಅಂದ.

ಹೊನ್ನಲೆ ಕೇಳಿದಳು: "ಹುಟ್ಟಿದಾಗಿನಿಂದ ತಲೆಗೆ ಕುಲಾವಿ. ಮದುವೆಯ ದಿನ ಅದು ತಾನಾಗಿ ಕಳಚಿ ಬೀಳುತ್ತದೆ. ಆಗ ನೋಡಿದರೆ ಮೈಮೇಲೆ ಸೀರೆಯಿಲ್ಲ, ಬರೀ ದಾರ. ಯಾರವಳು?"

"ನೀಲಗಿರಿಯ ಮೊಗ್ಗು, ತಾಯಿ. ಮುಚ್ಚಳ ಬಿದ್ದು ಅರಳುತ್ತದೆ. ಎಸಳಿಲ್ಲ, ಎಳೆ ಮಾತ್ರ."

"ಒಂದೇ ಮನೆಯಲ್ಲಿ ಗಂಡ, ಹೆಂಡತಿ. ಅವನು ಎದ್ದಾಗ ಅವಳಿಗೆ ನಿದ್ದೆ. ಅವಳು ಎದ್ದಾಗ ಅವನು ಪುಡಿಯಾಗಿ ಹೋಗಿರುತ್ತಾನೆ. ಆದರೂ ಅವಳು ಹೆರುತ್ತಾಳೆ. ಹೇಗೆ?"

ಅದೂ ಅದೇ ಹೂವು ಎಂದ ಬಿಲ್ಲಯ್ಯ. ಎಳೆಗಳ ತುದಿಯ ಗಂಡುಪುಡಿ ಮೊದಲ ದಿನವೇ ಉದುರುತ್ತದೆ. ನಡುವಿನ ಹೆಣ್ಣುಕಡ್ಡಿಯ ತುದಿ ಅಂಟಂಟಾಗಿ ಪುಡಿ ಹಿಡಿಯಲು ಐದಾರು ದಿನ ಬೇಕು. ಆಗ ಜೇನುಹುಳ ಬೇರೆ ಹೂವಿನ ಪುಡಿ ತರುತ್ತದೆ. ರಾಣಿಯಮ್ಮ ಮುಚ್ಚಳ ಬೀಳುವ ಮೊದಲೇ ಅದನ್ನು ಬಿಡಿಸಿ, ಎಳೆ ಕತ್ತರಿಸಿ, ಹುಳ ಬಾರದಂತೆ ಬಟ್ಟೆಯ ಚೀಲ ಕಟ್ಟಿ, ಆರನೆಯ ದಿನ ಕಡಲ ಮರದ ಪುಡಿ ಸವರಿರಬೇಕು. ಅವಸರ ಮಾಡಿದವರಿಗೆ ಬೀಜ ಕಟ್ಟುವುದಿಲ್ಲ ಎಂದ.

ಹೊನ್ನಲೆಯ ದನಿ ಸಣ್ಣದಾಯಿತು. "ಮಗಳು ತಾಯಿ ತಂದೆ ಇಬ್ಬರನ್ನೂ ಮೀರಿದಳು. ಅವಳ ಮಕ್ಕಳಲ್ಲಿ ಒಬ್ಬರೂ ಅವಳಂತಾಗಲಿಲ್ಲ. ಅವಳ ಒಡಹುಟ್ಟಿದವರೂ ಅವಳಂತಿಲ್ಲ. ಅವಳನ್ನೇ ನೂರು ಮಾಡುವುದು ಹೇಗೆ?"

ಬೀಜ ಬಿತ್ತಬೇಕು ಅಂದು ಸೆರೆ ಸೇರಿದ್ದು ಪಾಳೆಯಗಾರನ ಮಗ. ದೊರೆಯೂ ಬಿತ್ತಿಸಿ ನೋಡಿದ್ದ, ಒಂದು ಗಿಡ್ಡ, ಒಂದು ಸೊಟ್ಟ, ಮಿಕ್ಕವು ಉಪ್ಪಿಗೆ ಸತ್ತವು. ಬಿಲ್ಲಯ್ಯನಿಗೆ ಉತ್ತರ ಗೊತ್ತಿತ್ತು. ಹೇಳಿದರೂ ತಲೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ ಅನ್ನುವುದೂ ಗೊತ್ತಿತ್ತು.

"ಮರ ಕಡಿಯಬೇಕು, ಬುದ್ಧಿ," ಎಂದ. "ಬಲಿತ ಮರದ ಟೊಂಗೆ ಬೇರು ಬಿಡುವುದಿಲ್ಲ. ಕಡಿದ ಬುಡದಲ್ಲಿ ಬರುವ ಎಳೆಚಿಗುರು ನೆಟ್ಟರೆ ಬಿಡುತ್ತದೆ. ಆ ಒಂದೊಂದೂ ಅದೇ ಮರ."

ದೊರೆಯ ಕೈ ಕತ್ತಿಗೆ ಹೋಯಿತು. ಹೊನ್ನಲೆ ಅಡ್ಡ ಬಂದು, ಅಮ್ಮ ಹೇಳಿದ್ದೂ ಇದನ್ನೇ ಅಂದಳು.

"ನನಗೇಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ, ಅಪ್ಪಾ."

ಅವಳ ಹೆದರಿಕೆಗೆ ಇಬ್ಬರ ಕುತ್ತಿಗೆ ಹೋಗುವುದರಲ್ಲಿತ್ತು, ಅದನ್ನೂ ಹೇಳಬೇಕಲ್ಲ. ಅವಳು ಅಲ್ಲೇ ಕುಸಿದು ಅತ್ತಳು. ದೊರೆ ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಮರದ ಬಳಿ ಹೋಗಿ ಮೊದಲ ಏಟು ತಾನೇ ಹಾಕಿದ. ಮರ ಬಿದ್ದ ಮೇಲೆ ಬಿಲ್ಲಯ್ಯನಿಗೆ ಹೇಳಿದ, "ಚಿಗುರದಿದ್ದರೆ ನೀನೂ ಉಳಿಯುವುದಿಲ್ಲ, ಸೆರೆಯಲ್ಲಿರುವ ಆ ಇಬ್ಬರೂ ಉಳಿಯುವುದಿಲ್ಲ."

ಇಪ್ಪತ್ತು ದಿನ ಬುಡ ಒಣಕಲಾಗಿಯೇ ಇತ್ತು. ಬಿಲ್ಲಯ್ಯನಿಗೆ ಜೀವ ಕೈಯಲ್ಲಿ ಹಿಡಿದುಕೊಂಡಂತೆ. ಇಪ್ಪತ್ತೊಂದನೆಯ ಬೆಳಿಗ್ಗೆ ತೊಗಟೆ ಸೀಳಿ ಕೆಂಪು ಮೊಳಕೆ ಕಂಡಿತು. ಕಂಡವನು ದೊರೆಯೇ. ಅಲ್ಲೇ ಮಣ್ಣಿನಲ್ಲಿ ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಏನು ಬೇಕು ಕೇಳು ಅಂದ. ಸೆರೆಯಲ್ಲಿರುವ ಇಬ್ಬರನ್ನು ಬಿಡಿ, ಚಿಗುರೆಲ್ಲ ಉಪ್ಪಳ್ಳಿಗೆ ಕೊಡಿ ಎಂದ ಬಿಲ್ಲಯ್ಯ. ಎರಡನ್ನೂ ಕೊಟ್ಟ ದೊರೆ, ನಾಡಿನ ಮರಗಳ ಪಾರುಪತ್ಯವನ್ನೂ ಅವನಿಗೇ ವಹಿಸಿದ. ಚಿಗುರುಗಳನ್ನು ಒದ್ದೆ ಮರಳಿನಲ್ಲಿ ನೆಟ್ಟು, ನೆರಳು ಕಟ್ಟಿ, ಬೇರು ಬಿಡಿಸಿ, ಬಂಡಿಗಳಲ್ಲಿ ಸಾಗಿಸಿದರು.

ಏಳು ವರ್ಷದ ಮೇಲೆ ಮುದಿ ದೊರೆ ಉಪ್ಪಳ್ಳಿಗೆ ಬಂದ. ಊರ ಸುತ್ತ ಮುನ್ನೂರು ಮರ, ಎಲ್ಲವೂ ಒಂದೇ ಎತ್ತರ, ಒಂದೇ ನೇರ. ನಡುವೆ ನಿಂತು ಅತ್ತಿತ್ತ ನೋಡಿದ.

"ಇದರಲ್ಲಿ ಅವಳ ಮರ ಯಾವುದು, ಬಿಲ್ಲಯ್ಯ?"

"ಎಲ್ಲವೂ ಅದೇ, ಬುದ್ಧಿ."

ದೊರೆ ಒಂದೊಂದನ್ನೇ ಮುಟ್ಟುತ್ತ ಮುನ್ನೂರನ್ನೂ ಮುಟ್ಟಿ ಬಂದ. ಸಂಜೆಯಾಯಿತು. ಸೌದೆ ಆರಿಸುತ್ತಿದ್ದ ಹೆಂಗಸರು ದಾರಿ ಬಿಟ್ಟು ನಿಂತುಕೊಂಡರು.