ಓರಗಿತ್ತಿಯ ಸಾವಿರ

“ಬುದ್ಧೀ, ಉಮಾಪತಿ ಕಣ್ಣು ಮುಚ್ಚಿದರೆ ಜಗತ್ತನ್ನೇ ಮರೆತು ಕೂರುತ್ತಾನೆ. ಅವನ ಜೊತೆಗೇ ಮಠಕ್ಕೆ ಬಂದವನು ನಾನು, ಅರೆಗಳಿಗೆಯೂ ನನ್ನ ಮನಸ್ಸು ನಿಲ್ಲುವುದಿಲ್ಲ. ನನ್ನಂಥವನು ಇಲ್ಲಿದ್ದು ಏನು ಪ್ರಯೋಜನ?” ಎಂದು ಶಿಷ್ಯ ಮಹಾಲಿಂಗ ಕೇಳಿದ. ಬಟ್ಟೆಯ ಗಂಟು ಆಗಲೇ ಅವನ ಕಂಕುಳಲ್ಲಿತ್ತು.

ಗುರುಗಳು ಗಂಟನ್ನು ನೋಡಿದರು. “ಭಲೇ! ಗಂಟು ಕಟ್ಟಿದ ಮೇಲೆ ಅಪ್ಪಣೆ ಕೇಳಲು ಬಂದೆಯಾ? ಇಳಿಸಿ ಕೂತುಕೊ,” ಎಂದು ಒಂದು ಕತೆ ಹೇಳತೊಡಗಿದರು.

ಒಬ್ಬಳು ಕುಂಬಾರ ಹೆಣ್ಣುಮಗಳು. ಹಿಂದೊಮ್ಮೆ ಬಸಿರು ನಿಂತು ಇಳಿದುಹೋಗಿತ್ತು. ಆ ಸಂಕಟ ಅವಳಿಗೇ ಗೊತ್ತು. ಮತ್ತೆ ಮುಟ್ಟು ನಿಂತಾಗ ಆಸ್ಪತ್ರೆಗೆ ಹೋದಳು. ಬಸಿರಿನ ಹಾರ್ಮೋನು ಎಷ್ಟಿದೆಯೆಂದು ರಕ್ತ ತೆಗೆದು ನೋಡಿದರು. ಇನ್ನೂರು ಬಂತು. “ಎರಡು ದಿನ ಬಿಟ್ಟು ಬಾಮ್ಮ. ಒಂದು ಸಲದ ಸಂಖ್ಯೆಯಿಂದ ಏನೂ ಹೇಳಲಾಗದು, ಏರುತ್ತಿದೆಯೋ ಇಲ್ಲವೋ ನೋಡಬೇಕು,” ಎಂದರು ಡಾಕ್ಟರಮ್ಮ.

ಮನೆಯಲ್ಲಿ ಅತ್ತೆ ಸುಮ್ಮನಿರಬೇಕಲ್ಲ! ಹಿರಿಯ ಸೊಸೆಯನ್ನು ಕರೆದು, ನಿನಗೆಷ್ಟು ಬಂದಿತ್ತೇ ಎಂದು ಕೇಳಿದಳು. ಸಾವಿರದ ಮೇಲಿತ್ತು ಎಂದಳು ಅವಳು. ಅಷ್ಟೇ, ಎಲ್ಲರ ಮುಖ ಬಾಡಿತು. ಎರಡು ಗಡಿಗೆ ಪಕ್ಕದಲ್ಲಿಟ್ಟು ಯಾವುದು ದೊಡ್ಡದೆಂದು ನೋಡುವ ಮನೆ ನೋಡು, ಬಸಿರನ್ನೂ ಹಾಗೇ ನೋಡಿದರು. ಓರಗಿತ್ತಿ ಬಸಿರಾದ ಎಷ್ಟನೇ ವಾರಕ್ಕೆ ರಕ್ತ ಕೊಟ್ಟಿದ್ದಳೆಂದು ಒಬ್ಬರೂ ಕೇಳಲಿಲ್ಲ.

“ಇದೂ ನಿಲ್ಲುವುದಿಲ್ಲ ಬಿಡು. ಮತ್ತೆ ಯಾಕೆ ಸೂಜಿ ಚುಚ್ಚಿಸಿಕೊಂಡು ಅಳುತ್ತೀಯ?” ಎಂದಳು ಅತ್ತೆ.

“ಅತ್ತೆ, ಅಕ್ಕನದು ಅಕ್ಕನಿಗೆ. ನನ್ನ ಕೂಸು ಮೊನ್ನೆಗಿಂತ ಬೆಳೆದಿದೆಯೋ ಇಲ್ಲವೋ, ಅದೊಂದು ನನಗೆ ಗೊತ್ತಾಗಬೇಕು. ಇಳಿದಿದ್ದರೆ ಅಳುತ್ತೇನೆ. ನೋಡದೆ ಮಾತ್ರ ಅಳುವುದಿಲ್ಲ.”

ಹೆದರಿಕೆ ಇರಲಿಲ್ಲವೇ? ಇತ್ತಯ್ಯಾ. ಆದರೂ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ತೋಳು ಚಾಚಿದಳು. ಸಂಜೆ ಡಾಕ್ಟರಮ್ಮ, “ಚೆನ್ನಾಗಿ ಏರಿದೆಯಮ್ಮ. ಈಗ ಧೈರ್ಯವಾಗಿರು, ಸ್ಕ್ಯಾನಿಂಗಿಗೆ ಬಾ,” ಎಂದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಅತ್ತಳು. ಸಂತೋಷಕ್ಕೆ.

ಗುರುಗಳು ಮಾತು ನಿಲ್ಲಿಸಿದರು. ಮಹಾಲಿಂಗನಿಗೆ ತಡೆಯಲಾಗಲಿಲ್ಲ.

“ಅಂತೂ ಓರಗಿತ್ತಿಯ ಸಾವಿರವನ್ನು ದಾಟಿದಳೇ, ಬುದ್ಧೀ?”

“ಆ ಸಾವಿರವನ್ನು ಅವಳು ಅಂದೇ ಬಿಟ್ಟಳು, ನೀನು ಇನ್ನೂ ಹಿಡಿದು ಕೂತಿದ್ದೀಯಲ್ಲಯ್ಯಾ!”