ನೀಲಗಂಗಾ ಅಳೆಯದೆ ಬಿಟ್ಟ ಮಂಜುಗಡ್ಡೆ

ಮಕ್ಕಳೇ, ಭೂಮಿಯ ನೆತ್ತಿಯ ಮೇಲೆ ಸಮುದ್ರವೇ ಹೆಪ್ಪುಗಟ್ಟುವ ಜಾಗವಿದೆ. ವಾಗ್ದೇವಿ ಮೇಡಂ ಎಂಬ ವಿಜ್ಞಾನಿ ಮೂವತ್ತು ವರ್ಷಗಳಿಂದ ಪ್ರತಿ ಬೇಸಿಗೆ ಅಲ್ಲಿಗೆ ಹಡಗಿನಲ್ಲಿ ಹೋಗಿ ಮಂಜುಗಡ್ಡೆಯ ದಪ್ಪ ಅಳೆಯುತ್ತಿದ್ದರು. ಮಂಜು ಎಲ್ಲೆಲ್ಲಿ ಹರಡಿದೆ ಎಂದು ಉಪಗ್ರಹ ಮೇಲಿನಿಂದಲೇ ನೋಡಿ ಹೇಳುತ್ತದೆ. ಅದು ಮನುಷ್ಯರ ಭಾರ ತಡೆದೀತೇ ಎಂದು ಸರಿಯಾಗಿ ತಿಳಿಯಲು ಮಾತ್ರ ತೂತು ಕೊರೆದು ಟೇಪು ಇಳಿಸಬೇಕು. ವರ್ಷ ವರ್ಷವೂ ಟೇಪು ಕಡಿಮೆ ತೋರಿಸುತ್ತಿತ್ತು. ಮೇಡಂಗೆ ಅದು ಮನೆಯವರು ಸೊರಗಿದಷ್ಟೇ ಸಂಕಟ.

ಈ ಸಲ ಗದಗಿನ ಶಿಷ್ಯೆ ನೀಲಗಂಗಾ ಜೊತೆಗಿದ್ದಳು. ಹಡಗಿನಿಂದ ಡೇರೆ ಹಾಕುವ ಜಾಗದವರೆಗೆ ಅಳೆಯುವ ಕೆಲಸ ಅವಳದು. ಮರುದಿನ ಅದೇ ದಾರಿಯಲ್ಲಿ ಏಳು ಜನ ಸಾಮಾನಿನ ಜಾರುಬಂಡಿ ಎಳೆದುಕೊಂಡು ಹೋಗಬೇಕಿತ್ತು.

ಹುಡುಗಿ ಊಟ ಮರೆತು ನಲವತ್ತು ತೂತು ಕೊರೆದು ಓಡಿ ಬಂದಳು. "ಮೇಡಂ, ಸರಾಸರಿ ಎರಡು ಮೀಟರ್ ಐತ್ರೀ! ಹೋದ ವರ್ಷಕ್ಕಿಂತ ದಪ್ಪ ಐತ್ರೀ!"

ಮೇಡಂ ಕಣ್ಣು ತುಂಬಿ ಬಂತು. ನಂಬಿಬಿಡೋಣ ಅನ್ನಿಸಿತು. ಅವಳ ಕೈಗೆ ಬಿಸಿ ಕಾಫಿ ಕೊಟ್ಟು ನಕ್ಷೆ ಬಿಡಿಸಿದರು. ನಲವತ್ತು ಚುಕ್ಕಿಗಳ ನಡುವೆ ಒಂದು ಕಡೆ ಖಾಲಿ.

"ಇಲ್ಲಿ ಯಾಕಮ್ಮ ಒಂದೂ ತೂತಿಲ್ಲ?"

"ಅಲ್ಲಿ ಮಂಜು ಬೂದು ಬಣ್ಣ ಇತ್ರೀ. ಕಾಲಿಟ್ರ ಒಳಗ ಹೋಗ್ತೀನಿ ಅಂತ ಅಂಜಿಕಿ ಬಂತು. ಗಟ್ಟಿ ಇದ್ದ ಕಡೆ ಅಷ್ಟ ಕೊರದೆ."

ಮೇಡಂ ಅವಳ ತಲೆ ಸವರಿದರು. "ಅಂಜಿದ್ದು ಒಳ್ಳೇದೇ ಆಯ್ತು ಚಿನ್ನ, ನೀನು ವಾಪಸ್ ಬಂದೆ. ಆದ್ರೆ ಆ ಅಂಜಿಕೆನ ಪುಸ್ತಕದಲ್ಲಿ ಯಾಕೆ ಬರೀಲಿಲ್ಲ? ನಾಳೆ ಏಳು ಜನ ನಿನ್ನ ಸರಾಸರಿ ನಂಬ್ಕೊಂಡು ಅಲ್ಲೇ ನಡೀತಿದ್ರಲ್ಲ?"

ನೀಲಗಂಗಾಳ ಮುಖ ಬಾಡಿತು.

ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲವಲ್ಲ, ಇಬ್ಬರೂ ಆಗಲೇ ಹೊರಟರು. ಮೇಡಂ ಹುಡುಗಿಯ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು. ಉದ್ದನೆಯ ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ, ತೆವಳುತ್ತಾ ನೀಲಗಂಗಾ ಕೊರೆದಳು. ಟೇಪು ಅರ್ಧ ಗೇಣೂ ತೋರಿಸಲಿಲ್ಲ. ಅಂಥ ಇಪ್ಪತ್ತು ಅಳತೆ ಸೇರಿಸಿದಾಗ ಸರಾಸರಿ ಹೋದ ವರ್ಷಕ್ಕಿಂತ ಕೆಳಗಿಳಿಯಿತು.

"ನಿಮಗ ಖುಷಿ ಆಗ್ಲಿ ಅಂತಿದ್ದೆ ರೀ," ಎಂದು ಹುಡುಗಿ ಅತ್ತೇಬಿಟ್ಟಳು.

"ಖುಷಿಯಾಗೇ ಇದ್ದೀನಿ ಕಣೇ. ಏಳು ಜನಾನೂ ಉಳಿದ್ರಲ್ಲ!"

ಮರುದಿನ ಎಲ್ಲರೂ ಸುತ್ತು ದಾರಿ ಹಿಡಿದರು. ಬೂದು ಜಾಗ ಆಗಲೇ ಒಡೆದು ನೀರಾಗಿತ್ತು. ಒಂದು ಸೀಲ್ ಪ್ರಾಣಿ ಅದರೊಳಗಿಂದ ತಲೆಯೆತ್ತಿ ಇವರನ್ನೇ ನೋಡುತ್ತಿತ್ತು. ನೀಲಗಂಗಾ ಮೇಡಂ ಕೈ ಹಿಡಿದವಳು ಡೇರೆ ಮುಟ್ಟುವವರೆಗೂ ಬಿಡಲಿಲ್ಲ.

ನೀತಿ: ಅಳೆದದ್ದನ್ನು ಹೇಳುವಾಗ ಅಳೆಯದೆ ಬಿಟ್ಟದ್ದನ್ನೂ ಹೇಳಬೇಕು. ನಮ್ಮನ್ನು ನಂಬಿದವರಿಗೆ ಸಿಹಿ ಸುದ್ದಿಗಿಂತ ಪೂರ್ತಿ ಸುದ್ದಿ ಕೊಡುವುದೇ ನಿಜವಾದ ಪ್ರೀತಿ.