ಪಾಲಾದ ಉಪ್ಪು

ಒಂದೇ ಉಪ್ಪಿನ ಹರಳಿನಲ್ಲಿ ಬಾಳುತ್ತಿದ್ದ ಸೋಡಿಯಂಗೂ ಕ್ಲೋರಿನ್‌ಗೂ ರುಚಿ ಯಾರದೆಂದು ಜಗಳ ಹತ್ತಿತು. "ನಮ್ಮನ್ನು ಬೇರೆ ಮಾಡು," ಎಂದು ಸೋಡಿಯಂ ವಿದ್ಯುತ್ತನ್ನು ಕೇಳಿತು.

"ಅದಕ್ಕೆ ಮೊದಲು ಬೆಂಕಿಯಲ್ಲಿ ಕರಗಬೇಕು. ಯೋಚಿಸು," ಎಂದಿತು ವಿದ್ಯುತ್ತು.

ಸೋಡಿಯಂ ಹಟ ಬಿಡಲಿಲ್ಲ. ಕರಗಿ ಬೇರೆಯಾದ ಮೇಲೆ ಅದು ಪ್ರಯೋಗಾಲಯದ ಸೀಮೆಎಣ್ಣೆ ಸೀಸೆ ಸೇರಿತು. ನೀರು ಸೋಕಿದರೆ ಹೊತ್ತಿಕೊಳ್ಳುವ ಅದನ್ನು ಯಾರೂ ಬರಿಗೈಯಲ್ಲಿ ಮುಟ್ಟಲಿಲ್ಲ. ವಿಷಗಾಳಿಯಾದ ಕ್ಲೋರಿನ್ ಎದುರಿನ ಸಿಲಿಂಡರಿನಲ್ಲಿ ಬಂದಿಯಾಯಿತು.

ಒಂದು ಮಧ್ಯಾಹ್ನ, ಕಸ ಗುಡಿಸುವ ಚೆನ್ನಬಸಮ್ಮ ಬಾಗಿಲಾಚೆ ಕೂತು ಬುತ್ತಿ ಬಿಚ್ಚಿದಳು. ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು ಹಾಕಿ ಕುಡಿದು, "ಉಪ್ಪು ಬಿತ್ತು, ಈಗ ಜೀವ ಬಂತು!" ಎಂದಳು.

ಸೋಡಿಯಂ ಗಾಜಿಗೆ ಒತ್ತಿಕೊಂಡಿತು.

"ಉಪ್ಪು ಅಂದರೆ ಯಾರು?" ಎಂದು ಸೀಮೆಎಣ್ಣೆ ಕೇಳಿತು.

ಸೋಡಿಯಂ ಸಿಲಿಂಡರಿನ ಕಡೆ ನೋಡುತ್ತಾ ಹೇಳಿತು: "ಕೂಡಿ ಬಾಳುತ್ತಿದ್ದಾಗ ನಮ್ಮಿಬ್ಬರನ್ನು ಹಾಗೆ ಕರೆಯುತ್ತಿದ್ದರು."